ವಿದ್ಯಾರ್ಥಿಗಳ ಅಸೈನ್‌ಮೆಂಟು, ವರ್ತಕರ ಲೆಕ್ಕದ ಪುಸ್ತಕ

ಇಂಜಿನಿಯರಿಂಗ್ ಕಾಲೇಜಿನ ಗಣಕಯಂತ್ರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಬರೆಯುವ ಅಭ್ಯಾಸದ ಲೆಕ್ಕಗಳನ್ನು ನಮ್ಮ ವರ್ತಕ ಬಂಧುಗಳು ಓದಿ ನೋಡುವ ಸಂದರ್ಭ ವಿರಳ. ಆದರೆ ಅಂತಹ ಒಂದು ಲೆಕ್ಕವನ್ನು ಇಲ್ಲಿ ಪ್ರಸ್ತಾಪಿಸಬೇಕಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿ ಪ್ಲಸ್ ಪ್ಲಸ್ ಪ್ರಯೋಗಾಲಯಕ್ಕೆ 2000ದ ದಶಕದಲ್ಲಿ ನಿಗದಿಯಾಗಿದ್ದ ಪಟ್ಟಿಯಲ್ಲಿ ನೌಕರನ ವೇತನದ ಲೆಕ್ಕವೊಂದಿತ್ತು. ನೌಕರನ ಸಂಖ್ಯೆ, ಹೆಸರು ಮತ್ತು ಮೂಲವೇತನವನ್ನು ತೆಗೆದುಕೊಂಡು, ಮೂಲವೇತನದ ಶೇ. 52ರಷ್ಟು ತುಟ್ಟಿಭತ್ಯೆ ಸೇರಿಸಿ, ಬಂದ ಒಟ್ಟು ಮೊತ್ತದಲ್ಲಿ ಶೇ. 30ರಷ್ಟು ಆದಾಯ ತೆರಿಗೆ ಕಳೆದು, ನಿವ್ವಳ ವೇತನವನ್ನು ಮುದ್ರಿಸಬೇಕು. ಮೂಲವೇತನ 10,000 ರೂಪಾಯಿ ಇದ್ದವನಿಗೆ 5,200 ಭತ್ಯೆ ಸೇರಿ 15,200 ಆಗಿ, 4,560 ತೆರಿಗೆ ಹೋಗಿ, 10,640 ರೂಪಾಯಿ ಕೈಗೆ ಬರುತ್ತದೆ. ಹತ್ತು ಸಾವಿರದ ನೌಕರನಿಗೆ ಶೇ. 30 ತೆರಿಗೆ ವಿಧಿಸುವ ದೇಶ ಯಾವುದೆಂದು ಯಾವ ವಿದ್ಯಾರ್ಥಿಯೂ ಕೇಳಿರಲಾರ. ಕೇಳುವ ಅಗತ್ಯವೂ ಇರಲಿಲ್ಲ. ಅದು ಪಾಠದ ಲೆಕ್ಕ ಮಾತ್ರ.

ಆದರೆ ಆ ಪಾಠದ ಲೆಕ್ಕವನ್ನು ಬರೆದ ಕೈಗಳೇ ಮುಂದೆ ನಮ್ಮ ಬಿಲ್ಲಿಂಗ್ ತಂತ್ರಾಂಶಗಳನ್ನೂ ಬರೆದವು ಎಂಬುದು ಗಮನಾರ್ಹ. 52 ಮತ್ತು 30 ಎಂಬ ಅಂಕಿಗಳನ್ನು ವಿದ್ಯಾರ್ಥಿಯು ಪ್ರೋಗ್ರಾಂನ ಸಾಲುಗಳ ನಡುವೆಯೇ ಬರೆದಿಡುತ್ತಿದ್ದ. ಪರೀಕ್ಷಕರು ಉತ್ತರ ಸರಿಯಾಗಿದೆಯೆಂದು ಅಂಕ ಕೊಡುತ್ತಿದ್ದರು. ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ಸೇರುವ ವ್ಯತ್ಯಸ್ಥ ತುಟ್ಟಿಭತ್ಯೆಯು ಪ್ರತಿವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆಂಬುದು ಪ್ರತಿಯೊಬ್ಬ ಸಣ್ಣ ಕೈಗಾರಿಕೋದ್ಯಮಿಗೂ ಗೊತ್ತು. ಅಂಕಿಯನ್ನು ಪ್ರೋಗ್ರಾಂನೊಳಗೆ ಹೂತಿಟ್ಟವನನ್ನು ಪ್ರತಿ ಏಪ್ರಿಲ್‌ನಲ್ಲಿಯೂ ಮತ್ತೆ ಕರೆಸಬೇಕು, ಮತ್ತೆ ಹಣ ಕೊಡಬೇಕು. ಅವನು ಅಷ್ಟರಲ್ಲಿ ಊರು ಬಿಟ್ಟಿದ್ದರೆ ಗುಮಾಸ್ತರು ಹಳೆಯ ತಂತ್ರಾಂಶವನ್ನು ಬದಿಗಿರಿಸಿ ಕೈಬರಹದ ಲೆಕ್ಕಕ್ಕೆ ಹಿಂದಿರುಗಬೇಕು. ಎರಡನ್ನೂ ಕಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಈ ಕಾರಣದಿಂದ, ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ವಿಷಯದ ಪ್ರಾರಂಭಿಕ ಅಸೈನ್‌ಮೆಂಟುಗಳಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ತಂತ್ರಾಂಶ ಕೊಳ್ಳುವವರೂ ಒಮ್ಮೆ ತಿಳಿದುಕೊಳ್ಳುವುದು ಲಾಭದಾಯಕ.

ಓಸ್ಲೋದ ಕಲ್ಪನೆ, ಅಂಗಡಿಯ ಪರಿಚಯ

ಈ ಪದ್ಧತಿಯ ಮೂಲವು ವ್ಯಾಪಾರ-ಕೈಗಾರಿಕೆಗಳಿಗೆ ಅಷ್ಟೇನೂ ದೂರವಲ್ಲ. ನಾರ್ವೆ ದೇಶದ ಓಸ್ಲೋ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ 1960ರ ದಶಕದಲ್ಲಿ ಓಲೆ-ಯೊಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬಿಬ್ಬರು ಸಿಮುಲಾ ಎಂಬ ಗಣಕ ಭಾಷೆಯನ್ನು ರೂಪಿಸಿದರು. ಕಾರ್ಖಾನೆಯ ಕೆಲಸದ ಹರಿವು, ಸರದಿಯ ಸಾಲು ಮುಂತಾದವುಗಳನ್ನು ಗಣಕದಲ್ಲಿ ಅನುಕರಿಸಿ ನೋಡುವುದು ಅದರ ಉದ್ದೇಶವಾಗಿತ್ತು. ಸರದಿಯಲ್ಲಿ ನಿಂತ ಗಿರಾಕಿ, ಯಂತ್ರ, ಸರಕು ಇವೆಲ್ಲವನ್ನೂ ತಮ್ಮ ತಮ್ಮ ಮಾಹಿತಿಯನ್ನು ತಾವೇ ಇಟ್ಟುಕೊಂಡು ತಮ್ಮ ಕೆಲಸವನ್ನು ತಾವೇ ಮಾಡುವ ಘಟಕಗಳೆಂದು ಅವರು ಭಾವಿಸಿದರು. ಅಂತಹ ಘಟಕವೇ ಆಬ್ಜೆಕ್ಟ್. ಒಂದೇ ಬಗೆಯ ಆಬ್ಜೆಕ್ಟುಗಳಿಗೆ ಮಾದರಿಯಾಗುವ ನಮೂನೆಯೇ ಕ್ಲಾಸ್. 2001ರ ಟ್ಯೂರಿಂಗ್ ಪ್ರಶಸ್ತಿ ಇವರಿಬ್ಬರಿಗೆ ಸಂದಿತು. ಮರುವರ್ಷವೇ ಇಬ್ಬರೂ ತೀರಿಕೊಂಡರು. ಸಿಮುಲಾದ ಬಳಕೆಯನ್ನು ಅರಿತಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಪ್ರಾರಂಭಿಸಿದ ಕೆಲಸವೇ ಸಿ ಪ್ಲಸ್ ಪ್ಲಸ್ ಆಯಿತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಜಾವಾವನ್ನು ಪ್ರಕಟಿಸಿತು. ನಮ್ಮ ರಾಜ್ಯದ ಪ್ರಯೋಗಾಲಯಗಳಿಗೆ ಬಂದದ್ದು ಈ ಎರಡು ಭಾಷೆಗಳು.

ಬಿಲ್ಲಿನ ನಮೂನೆಯ ಪುಸ್ತಕವನ್ನು ಮುದ್ರಣಾಲಯದಿಂದ ತರಿಸಿದ ಯಾರಿಗಾದರೂ ಕ್ಲಾಸ್ ಮತ್ತು ಆಬ್ಜೆಕ್ಟುಗಳ ಸಂಬಂಧವನ್ನು ವಿವರಿಸಬೇಕಾಗಿಲ್ಲ. ಖಾಲಿ ನಮೂನೆ ಒಂದು. ಅದನ್ನು ತುಂಬಿ ಹರಿದುಕೊಟ್ಟ ಬಿಲ್ಲುಗಳು ನೂರು.

ಆರಂಭಿಕ ಅಸೈನ್‌ಮೆಂಟುಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಡೇವಿಡ್ ಬಾರ್ನ್ಸ್ ಮತ್ತು ಮೈಕೇಲ್ ಕೋಲಿಂಗ್ ಅವರ ಜಾವಾ ಪಠ್ಯಪುಸ್ತಕದಲ್ಲಿದೆ. ಅಲ್ಲಿ ವಿದ್ಯಾರ್ಥಿಗೆ ಖಾಲಿ ಹಾಳೆಯನ್ನು ಕೊಡುವುದಿಲ್ಲ. ಕೆಟ್ಟದ್ದೆಂದು ಗೊತ್ತಿದ್ದೇ ಬರೆದ ಒಂದು ಟಿಕೆಟ್ ಯಂತ್ರದ ಕ್ಲಾಸನ್ನು ಕೊಡುತ್ತಾರೆ. ಆ ಯಂತ್ರ ಹಾಕಿದ ಹಣವನ್ನು ಸಾಕೇ ಎಂದು ನೋಡುವುದಿಲ್ಲ, ಹಣ ಹಾಕದಿದ್ದರೂ ಟಿಕೆಟ್ ಮುದ್ರಿಸುತ್ತದೆ, ಹೆಚ್ಚು ಹಾಕಿದವರಿಗೆ ಚಿಲ್ಲರೆ ಹಿಂದಿರುಗಿಸುವುದಿಲ್ಲ, ಸೊನ್ನೆಗಿಂತ ಕಡಿಮೆ ಮೊತ್ತವನ್ನೂ ಒಪ್ಪಿಕೊಳ್ಳುತ್ತದೆ. ಇದರ ದೋಷಗಳನ್ನು ಕಂಡುಹಿಡಿದು ಸರಿಪಡಿಸುವುದೇ ಅಭ್ಯಾಸ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಅನುಭವವಿದ್ದವರು ಈ ದೋಷಗಳನ್ನು ಐದು ನಿಮಿಷದಲ್ಲಿ ಎಣಿಸಿಯಾರು. ಎರಡನೆಯ ವರ್ಷದ ವಿದ್ಯಾರ್ಥಿಗೆ ಒಂದು ವಾರ ಬೇಕಾಗಬಹುದು. ಅವನು ಪ್ರೋಗ್ರಾಂ ಅರಿಯದವನೆಂದಲ್ಲ, ಗಲ್ಲದ ಮೇಲೆ ಕುಳಿತವನಲ್ಲ.

ಮುಚ್ಚಿದ ತಿಜೋರಿ, ನೇತುಹಾಕಿದ ಕೀಲಿಕೈ

ಬ್ಯಾಂಕ್ ಖಾತೆಯ ಕ್ಲಾಸ್ ಬರೆಯುವುದು ಈ ವಿಷಯದ ಅತಿ ಸಾಮಾನ್ಯ ಅಸೈನ್‌ಮೆಂಟು. ಖಾತೆಯ ಶಿಲ್ಕನ್ನು ಹೊರಗಿನವರು ನೇರವಾಗಿ ತಿದ್ದಲಾಗದಂತೆ ಒಳಗೆ ಮುಚ್ಚಿಡಬೇಕು. ಹಣ ಜಮಾ ಮಾಡುವುದು, ಹಿಂಪಡೆಯುವುದು ಎಂಬ ಎರಡು ಬಾಗಿಲುಗಳ ಮೂಲಕ ಮಾತ್ರ ಅದು ಬದಲಾಗಬೇಕು ಎಂಬುದು ಪಾಠದ ಸಾರ. ಇದು ಅತ್ಯಂತ ಯೋಗ್ಯವಾದ ಪಾಠ. ಕಿರ್ದಿಯಲ್ಲಿ ಬರೆಯದೆ ಖಾತೆಯ ಶಿಲ್ಕನ್ನು ತಿದ್ದಬಾರದೆಂದು ನಮ್ಮ ಹಿರಿಯರು ಗುಮಾಸ್ತರಿಗೆ ಕಲಿಸಿದ್ದೂ ಇದನ್ನೇ.

ಆಚರಣೆಯಲ್ಲಿ ಆಗುವುದು ಬೇರೆ. ಪ್ರೋಗ್ರಾಂ ಬರೆಯುವ ಈಗಿನ ಸಲಕರಣೆಗಳು ಮುಚ್ಚಿಟ್ಟ ಪ್ರತಿಯೊಂದು ಮಾಹಿತಿಗೂ ಓದುವ ಒಂದು ಬಾಗಿಲು ಮತ್ತು ತಿದ್ದುವ ಒಂದು ಬಾಗಿಲನ್ನು ತಾವೇ ಬರೆದುಕೊಡುತ್ತವೆ. ವಿದ್ಯಾರ್ಥಿಯು ಒಂದು ಗುಂಡಿಯೊತ್ತಿ ಶಿಲ್ಕಿಗೂ ತಿದ್ದುವ ಬಾಗಿಲನ್ನಿಟ್ಟು ಒಪ್ಪಿಸುತ್ತಾನೆ. ತಿಜೋರಿಗೆ ಬೀಗ ಹಾಕಿ ಕೀಲಿಕೈಯನ್ನು ಅದರ ಹಿಡಿಗೇ ನೇತುಹಾಕಿದಂತೆ. ಇದೇ ಅಭ್ಯಾಸದಿಂದ ತಯಾರಾದ ಬಿಲ್ಲಿಂಗ್ ತಂತ್ರಾಂಶದಲ್ಲಿ ಕಳೆದ ತಿಂಗಳ ಬಿಲ್ಲನ್ನು ಇಂದು ತೆರೆದು ಮೊತ್ತ ಬದಲಿಸಿ ಉಳಿಸಬಹುದು, ಯಾವ ಗುರುತೂ ಉಳಿಯುವುದಿಲ್ಲ. ಇದನ್ನು ಒಂದು ಸೌಲಭ್ಯವೆಂದು ಹೇಳಿ ಮಾರುವವರೂ ಇದ್ದಾರೆ, ಸೌಲಭ್ಯವೆಂದೇ ಕೊಳ್ಳುವವರೂ ಇದ್ದಾರೆ. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಪ್ರತಿಯೊಂದು ಕಂಪನಿಯೂ, ಅದು ಎಷ್ಟೇ ಚಿಕ್ಕ ಪ್ರೈವೇಟ್ ಲಿಮಿಟೆಡ್ ಆಗಿರಲಿ, ತಂತ್ರಾಂಶದಲ್ಲಿ ಲೆಕ್ಕವಿಡುವುದಾದರೆ ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವಂತಹ, ಆ ದಾಖಲೆಯನ್ನು ನಿಲ್ಲಿಸಲಾಗದಂತಹ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಪಾಲುದಾರಿಕೆ ಮತ್ತು ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳಿಗೆ ಈ ಕಟ್ಟಳೆಯಿಲ್ಲವಾದರೂ, ಕೊಟ್ಟ ತೆರಿಗೆ ಬಿಲ್ಲನ್ನು ಅಳಿಸದೆ ಕ್ರೆಡಿಟ್ ನೋಟು ಅಥವಾ ಡೆಬಿಟ್ ನೋಟಿನ ಮೂಲಕ ಸರಿಪಡಿಸುವುದು ಜಿ.ಎಸ್.ಟಿ. ಪದ್ಧತಿಯ ಕ್ರಮ.

ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದ ಜಾವಾ ಪ್ರಯೋಗಾಲಯದಲ್ಲಿಯೂ ನೌಕರನ ಲೆಕ್ಕವಿದೆ. ಸಂಖ್ಯೆ, ಹೆಸರು, ವೇತನ ಇಷ್ಟನ್ನಿಟ್ಟುಕೊಂಡ ನೌಕರನಿಗೆ ಕೊಟ್ಟ ಶೇಕಡಾವಾರಿನಂತೆ ವೇತನ ಏರಿಸುವುದು ಕೆಲಸ. ಹಳೆಯ ಲೆಕ್ಕಕ್ಕಿಂತ ಇದು ಒಂದು ಹೆಜ್ಜೆ ಮುಂದಿದೆ: ಶೇಕಡಾ ಎಷ್ಟೆಂಬುದು ಪ್ರೋಗ್ರಾಂನೊಳಗೆ ಹೂತಿಲ್ಲ, ಏರಿಸುವ ಹೊತ್ತಿನಲ್ಲಿ ಹೊರಗಿನಿಂದ ಬರುತ್ತದೆ. ಆದರೂ ಗುಮಾಸ್ತನೊಬ್ಬ ತಪ್ಪಿ 20,000 ರೂಪಾಯಿ ವೇತನಕ್ಕೆ ಶೇ. 10 ಏರಿಸಿದನೆನ್ನಿ, ವೇತನ 22,000 ಆಯಿತು. ತಪ್ಪು ತಿಳಿದು ಶೇ. 10 ಇಳಿಸಿದರೆ ಬರುವುದು 19,800. ನೌಕರನಿಗೆ ತಿಂಗಳಿಗೆ 200 ರೂಪಾಯಿ ಖೋತಾ, ಅದು ಏಕೆ ಆಯಿತೆಂದು ಹೇಳುವ ಯಾವ ದಾಖಲೆಯೂ ಇಲ್ಲ. ಸೊನ್ನೆಗಿಂತ ಕಡಿಮೆ ಶೇಕಡಾವಾರನ್ನು ಒಪ್ಪಬೇಕೆ, ಏರಿಸಿದ ದಿನಾಂಕವನ್ನು ಬರೆದಿಡಬೇಕೆ, ಹಿಂದಿನ ವೇತನವನ್ನು ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆಗಳನ್ನು ಆ ಅಸೈನ್‌ಮೆಂಟು ಕೇಳುವುದಿಲ್ಲ.

ಪೈಸೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅಭ್ಯಾಸದ ಲೆಕ್ಕಗಳಲ್ಲಿ ಹಣವನ್ನು ಸಾಮಾನ್ಯವಾಗಿ ದಶಮಾಂಶದ ಡಬಲ್ ಎಂಬ ಬಗೆಯಲ್ಲಿ ಇಡುತ್ತಾರೆ. ಗಣಕವು ಎರಡರ ಆಧಾರದ ಮೇಲೆ ಎಣಿಸುವುದರಿಂದ ಹತ್ತು ಪೈಸೆ ಎಂಬುದು ಅದರಲ್ಲಿ ನಿಖರವಾಗಿ ಕೂರುವುದಿಲ್ಲ. 0.1ಕ್ಕೆ 0.2 ಕೂಡಿಸಿದರೆ ಜಾವಾ ಕೊಡುವ ಉತ್ತರ 0.30000000000000004. ಒಂದು ಬಿಲ್ಲಿನಲ್ಲಿ ಇದು ಕಾಣಿಸುವುದಿಲ್ಲ. ಸಾವಿರಾರು ಸಾಲುಗಳ ಮೊತ್ತ ತಾಳೆಯಾಗದೆ ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರ ಮುಂದೆ ಕಾಣಿಸಿಕೊಳ್ಳುತ್ತದೆ. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿಡುವುದು ಅಥವಾ ಜಾವಾದಲ್ಲಿಯೇ ಇರುವ ಬಿಗ್‌ಡೆಸಿಮಲ್ ಬಳಸುವುದು ಇದಕ್ಕೆ ಪರಿಹಾರ.

ದರ ಇರಬೇಕಾದ ಜಾಗ

ಅಸೈನ್‌ಮೆಂಟುಗಳಲ್ಲಿ ಎರಡನೆಯ ದೊಡ್ಡ ಪಾಠ ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸ್‌ನ ಗುಣಗಳನ್ನು ಮತ್ತೊಂದು ಪಡೆದುಕೊಳ್ಳುವುದು. ಜಾವಾ ಪಟ್ಟಿಯಲ್ಲಿ ಆಕೃತಿ ಎಂಬ ಕ್ಲಾಸ್‌ನಿಂದ ವೃತ್ತ, ತ್ರಿಕೋನ, ಚೌಕಗಳನ್ನು ಹುಟ್ಟಿಸುವ ಲೆಕ್ಕವಿದೆ. ‘ಬರೆ’ ಎಂದು ಒಂದೇ ಆಜ್ಞೆ ಕೊಟ್ಟರೆ ವೃತ್ತ ವೃತ್ತದಂತೆ, ಚೌಕ ಚೌಕದಂತೆ ಬರೆದುಕೊಳ್ಳುತ್ತದೆ. ವ್ಯಾಪಾರದಲ್ಲಿ ಇದರ ಯೋಗ್ಯ ಉಪಯೋಗವಿದೆ. ‘ಬೆಲೆ ಕಟ್ಟು’ ಎಂದರೆ ಬೇಳೆ ತೂಕದಿಂದ, ಬಟ್ಟೆ ಮೀಟರಿನಿಂದ, ಬಲ್ಬು ಸಂಖ್ಯೆಯಿಂದ ಬೆಲೆ ಕಟ್ಟಿಕೊಳ್ಳಬಹುದು. ಬೇಳೆ ಎಂದೆಂದಿಗೂ ತೂಗುವ ಸರಕೇ ಆಗಿರುವುದರಿಂದ ಈ ವಿಂಗಡಣೆ ಕೆಡುವುದಿಲ್ಲ.

ಆದರೆ ಈ ಪಾಠವನ್ನು ಅತಿಯಾಗಿ ಕಲಿತವರು ಶೇ. 12ರ ಸರಕು, ಶೇ. 18ರ ಸರಕು, ಶೇ. 28ರ ಸರಕು ಎಂದು ತೆರಿಗೆಯ ದರಕ್ಕೊಂದು ಕ್ಲಾಸ್ ಮಾಡಿಬಿಡುವುದುಂಟು. ಅಸೈನ್‌ಮೆಂಟಾಗಿ ಒಪ್ಪಿಸಿದರೆ ಅಂದವಾಗಿಯೇ ಕಾಣುತ್ತದೆ. 2005ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯಕ್ಕೆ ವ್ಯಾಟ್ ಬಂದಾಗ, 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಇಂತಹ ತಂತ್ರಾಂಶಗಳ ಗತಿ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. 2025ರ ಸೆಪ್ಟೆಂಬರ್ 22ರಂದು ಶೇ. 12 ಮತ್ತು ಶೇ. 28ರ ಹಂತಗಳನ್ನು ತೆಗೆದು ಬಹುತೇಕ ಸರಕುಗಳನ್ನು ಶೇ. 5 ಮತ್ತು ಶೇ. 18ಕ್ಕೆ ತಂದಾಗ ಸಿಮೆಂಟು 28ರಿಂದ 18ಕ್ಕೆ, ತುಪ್ಪ 12ರಿಂದ 5ಕ್ಕೆ, ಸೋಪು ಮತ್ತು ತಲೆಗೆಣ್ಣೆ 18ರಿಂದ 5ಕ್ಕೆ ಇಳಿದವು. ಸರಕು ತನ್ನ ದರವನ್ನು ಬದಲಿಸಬಲ್ಲುದು. ಆದರೆ ಬಹುತೇಕ ಗಣಕ ಭಾಷೆಗಳಲ್ಲಿ ಆಬ್ಜೆಕ್ಟು ತಾನು ಹುಟ್ಟಿದ ಕ್ಲಾಸನ್ನು ಬದಲಿಸಲಾರದು. ದರವು ಸರಕಿನ ಜಾತಿಯಲ್ಲ, ಇಂತಹ ದಿನದಿಂದ ಇಷ್ಟು ಎಂದು ಪಟ್ಟಿಯಲ್ಲಿ ಬರೆದಿಡಬೇಕಾದ ಮಾಹಿತಿ.

ದಿನಾಂಕದ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಆ ಸೆಪ್ಟೆಂಬರ್ 22ಕ್ಕೆ ಮೊದಲು ಶೇ. 28ರಲ್ಲಿ ಮಾರಿದ ಸಿಮೆಂಟು ಅಕ್ಟೋಬರ್‌ನಲ್ಲಿ ಹಿಂದಿರುಗಿ ಬಂದರೆ ಕ್ರೆಡಿಟ್ ನೋಟಿನಲ್ಲಿ ಇರಬೇಕಾದದ್ದು ಮೂಲ ಬಿಲ್ಲಿನ ದರ. ಹಳೆಯ ದರವನ್ನು ಅಳಿಸಿ ಹೊಸದನ್ನು ಬರೆದ ತಂತ್ರಾಂಶಕ್ಕೆ ಇದು ಗೊತ್ತಾಗುವುದಿಲ್ಲ. ಸಿದ್ಧ ಉಡುಪಿನ ವ್ಯಾಪಾರಿಗಳ ತೊಡಕು ಇನ್ನೂ ಒಂದು ಸುತ್ತು ಹೆಚ್ಚಿನದು. ಅಲ್ಲಿ ದರವು ಉಡುಪಿನ ಮಾರಾಟ ಬೆಲೆಯನ್ನೇ ಅವಲಂಬಿಸಿದೆ: ಹಿಂದೆ ಒಂದಕ್ಕೆ 1,000 ರೂಪಾಯಿವರೆಗೆ ಶೇ. 5, ಮೇಲ್ಪಟ್ಟರೆ ಶೇ. 12 ಇತ್ತು, ಅಂದಿನಿಂದ 2,500 ರೂಪಾಯಿವರೆಗೆ ಶೇ. 5, ಮೇಲ್ಪಟ್ಟರೆ ಶೇ. 18. ಅಂಗಿಯ ಬೆಲೆ 2,600 ಇದ್ದು ಬಿಲ್ಲಿನಲ್ಲಿಯೇ ರಿಯಾಯಿತಿ ಕೊಟ್ಟು 2,400ಕ್ಕೆ ಮಾರಿದರೆ ದರವೂ ಬದಲಾಗುತ್ತದೆ. ಇದು ಎರಡನೆಯ ವರ್ಷದ ವಿದ್ಯಾರ್ಥಿ ಬರೆಯಬಲ್ಲ ಪ್ರೋಗ್ರಾಮೇ. ಯಾರೂ ಬರೆಯಲು ಹೇಳಿಲ್ಲ, ಅಷ್ಟೆ.

ಹತ್ತು ಪೂರ್ಣಾಂಕಗಳನ್ನು ಹಿಡಿಸುವ ಸ್ಟ್ಯಾಕ್ ಎಂಬ ಅಸೈನ್‌ಮೆಂಟೂ ಪಟ್ಟಿಯಲ್ಲಿದೆ. ಮೂಟೆಯ ಮೇಲೆ ಮೂಟೆ ಹೇರಿದಂತೆ ಕೊನೆಗೆ ಬಂದದ್ದು ಮೊದಲು ಹೊರಬರುತ್ತದೆ. ಔಷಧ ಮತ್ತು ಮಸಾಲೆ ವ್ಯಾಪಾರಿಗಳಿಗೆ ಬೇಕಾದದ್ದು ಇದರ ವಿರುದ್ಧ ಕ್ರಮ, ಮೊದಲು ಬಂದದ್ದು ಮೊದಲು ಹೋಗಬೇಕು. ಆದರೂ ಈ ಲೆಕ್ಕದಲ್ಲಿ ಒಂದು ಪ್ರಯೋಜನವಿದೆ: ಹನ್ನೊಂದನೆಯದನ್ನು ಹಾಕಲು ಹೋದರೆ, ಖಾಲಿಯಾದ ಮೇಲೆ ತೆಗೆಯಲು ಹೋದರೆ ಪ್ರೋಗ್ರಾಂ ಏನು ಮಾಡುತ್ತದೆಂದು ಪರೀಕ್ಷಕರು ನೋಡುತ್ತಾರೆ. ತಂತ್ರಾಂಶ ತೋರಿಸಲು ಬಂದವರ ಮುಂದೆ ನಾವೂ ದಾಸ್ತಾನಿಲ್ಲದ ಸರಕಿಗೆ ಒಂದು ಬಿಲ್ಲು ಹಾಕಿಸಿ ನೋಡಬಹುದು.

ನಾವು ಬರೆದುಕೊಡಬಹುದಾದ ಲೆಕ್ಕ

ಈ ಪಟ್ಟಿಗಳ ಬಗ್ಗೆ ಅಧ್ಯಾಪಕರನ್ನು ದೂರುವುದು ನ್ಯಾಯವಲ್ಲ. ನೂರಾರು ಕಾಲೇಜುಗಳಿಗೆ ಒಂದೇ ಪಟ್ಟಿ, ಮೂರು ಗಂಟೆಯ ಪರೀಕ್ಷೆ, ಚೀಟಿ ಎತ್ತಿ ಬಂದ ಲೆಕ್ಕವನ್ನು ಬರೆದು ತೋರಿಸಬೇಕಾದ ವಿದ್ಯಾರ್ಥಿ, ಲೆಕ್ಕ ಚಿಕ್ಕದಾಗಿರಲೇಬೇಕು. ಪಟ್ಟಿ ವರ್ಷಗಟ್ಟಲೆ ಬದಲಾಗದೆ ಹಿರಿಯರ ರೆಕಾರ್ಡ್ ಪುಸ್ತಕ ಕಿರಿಯರ ಕೈಗೆ ಬರುವುದು ಹಳೆಯ ಸಂಗತಿ. ಈಗ ಅದೂ ಬೇಕಾಗಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಂತಹ ಲೆಕ್ಕಗಳ ಉತ್ತರ ಅರೆನಿಮಿಷದಲ್ಲಿ ಸಿಗುತ್ತದೆ. ನೌಕರ, ಸ್ಟ್ಯಾಕ್, ಆಕೃತಿಗಳ ಲೆಕ್ಕ ಒಪ್ಪಿಸಿದ್ದಾನೆಂಬುದರಿಂದ ಅಭ್ಯರ್ಥಿಯ ಯೋಗ್ಯತೆಯನ್ನು ಅಳೆಯಲಾಗದು. ಸಂದರ್ಶನಕ್ಕೆ ಬಂದವನಿಗೆ ಅವನದೇ ಪ್ರೋಗ್ರಾಂನಲ್ಲಿ ಒಂದು ಷರತ್ತನ್ನು ಬದಲಿಸಲು ಹೇಳಿ, ಎಲ್ಲಿ ಕೈಹಾಕುತ್ತಾನೆಂದು ನೋಡುವುದು ಹೆಚ್ಚು ಉಪಯುಕ್ತ.

ಕಾಲೇಜುಗಳಿಗೆ ನಾವು ಕೊಡಬಹುದಾದದ್ದು ದೇಣಿಗೆಯಲ್ಲ, ನಿಯಮಗಳುಳ್ಳ ಒಂದು ಹಾಳೆ. ಅದನ್ನು ತಯಾರಿಸುವ ಸುಲಭ ಕ್ರಮವನ್ನು ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬಿಬ್ಬರು 1989ರಲ್ಲಿಯೇ ತೋರಿಸಿದ್ದರು. ಅಂಚೆಕಾರ್ಡಿನಂತಹ ಒಂದೊಂದು ರಟ್ಟಿನ ಮೇಲೆ ಒಂದೊಂದು ಕ್ಲಾಸ್‌ನ ಹೆಸರು, ಅದರ ಹೊಣೆ, ಆ ಹೊಣೆಗೆ ಅದು ಯಾರ ನೆರವು ಪಡೆಯುತ್ತದೆ ಎಂಬುದನ್ನು ಬರೆಯುವುದು. ಗಣಕಯಂತ್ರವೇ ಬೇಡ. ಮಾಲೀಕರು, ಗುಮಾಸ್ತರು, ಗೋದಾಮು ನೋಡುವವರು ಮೇಜಿನ ಸುತ್ತ ಕುಳಿತು ಬಿಲ್ಲು, ಸರಕು, ಗಿರಾಕಿ, ಸರಬರಾಜುದಾರ ಎಂದು ಕಾರ್ಡುಗಳನ್ನು ಹರಡಿಕೊಂಡರೆ, ಯಾವ ಕೆಲಸ ಯಾರದ್ದೆಂಬ ಸಂಶಯಗಳು ಅಲ್ಲಿಯೇ ಹೊರಬೀಳುತ್ತವೆ.

ಮಾದರಿಗಾಗಿ ಒಂದು ಲೆಕ್ಕ. ಹಳೆಯ ಸಿ ಪ್ಲಸ್ ಪ್ಲಸ್ ಪಟ್ಟಿಯಲ್ಲಿ ದಿನಾಂಕದ ಕ್ಲಾಸ್ ಬರೆಯುವ ಅಸೈನ್‌ಮೆಂಟು ಇತ್ತು. ಎರಡು ದಿನಾಂಕಗಳ ನಡುವಿನ ದಿನಗಳನ್ನು ಎಣಿಸಬೇಕು, ಒಂದು ದಿನಾಂಕಕ್ಕೆ ಇಷ್ಟು ದಿನ ಕೂಡಿಸಿದರೆ ಯಾವ ದಿನಾಂಕವೆಂದು ಹೇಳಬೇಕು. ವಿದ್ಯಾರ್ಥಿಗಳು ಇದನ್ನು ಬೇಸರದಿಂದ ಬರೆದರು. ನಮಗೋ ಇದು ಜೀವನೋಪಾಯದ ಲೆಕ್ಕ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಆದರೆ ಯಾವ ಕಾರಣಕ್ಕೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯು ಇದಕ್ಕೆ ಆದಾಯ ತೆರಿಗೆಯನ್ನೂ ಜೋಡಿಸಿತು: ಅವಧಿ ಮೀರಿ ಪಾವತಿಸಿದ ಮೊತ್ತವನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಲು ಸಾಧ್ಯ.

ಹಾಳೆಯಲ್ಲಿ ಕೊಡಬೇಕಾದ ಬಿಲ್ಲುಗಳು ಹೀಗಿರಲಿ. ಮೊದಲನೆಯದು, 2024ರ ಜನವರಿ 20ರಂದು ಒಪ್ಪಿಕೊಂಡ ಸರಕು, ಒಪ್ಪಂದ 60 ದಿನದ್ದು. ಕೊನೆಯ ದಿನ ಮಾರ್ಚ್ 5. ಅಧಿಕ ವರ್ಷವೆಂಬುದನ್ನು ಮರೆತವರಿಗೆ ಮಾರ್ಚ್ 6 ಬರುತ್ತದೆ, ಕಾಯ್ದೆಯನ್ನು ಮರೆತವರಿಗೆ ಮಾರ್ಚ್ 20. ಎರಡನೆಯದು, 2025ರ ಮಾರ್ಚ್ 10ರಂದು ಒಪ್ಪಿಕೊಂಡ ಸರಕು, ಒಪ್ಪಂದವಿಲ್ಲ. ಕೊನೆಯ ದಿನ ಮಾರ್ಚ್ 25. ಮೂರನೆಯದು, ಅದೇ ಮಾರ್ಚ್ 10ರ ಸರಕು, ಒಪ್ಪಂದ 45 ದಿನದ್ದು, ಕೊನೆಯ ದಿನ ಏಪ್ರಿಲ್ 24, ಪಾವತಿಯಾದದ್ದು ಏಪ್ರಿಲ್ 30; ಖರ್ಚು 2024-25ಕ್ಕಲ್ಲ, 2025-26ಕ್ಕೆ ಹೋಗುತ್ತದೆ. ನಾಲ್ಕನೆಯದರಲ್ಲಿ ಮಾರಿದವರು ಕೇವಲ ವರ್ತಕರಾಗಿರಲಿ, ತಯಾರಕರಲ್ಲ. ಉದ್ಯಮ್ ನೋಂದಣಿ ಇದ್ದರೂ ಈ ತೆರಿಗೆ ನಿಯಮ ಅವರ ಬಿಲ್ಲಿಗೆ ತಗಲುವುದಿಲ್ಲ. ಐದನೆಯದರಲ್ಲಿ ಕೊಂಡವರು ಹನ್ನೆರಡನೆಯ ದಿನ ಲಿಖಿತ ತಕರಾರು ಮಾಡಿ, ಇಪ್ಪತ್ತನೆಯ ದಿನ ಸರಬರಾಜುದಾರರು ಅದನ್ನು ಸರಿಪಡಿಸಿದ್ದಿರಲಿ; ಎಣಿಕೆ ಆ ದಿನದಿಂದ ಪ್ರಾರಂಭ.

ಬ್ಯಾಂಕ್ ದರವನ್ನು ಹಾಳೆಯಲ್ಲಿ ಬರೆಯದೆ, ದಿನಾಂಕಸಹಿತ ಪಟ್ಟಿಯಿಂದ ಓದಿಕೊಳ್ಳಬೇಕೆಂದು ಮಾತ್ರ ಸೂಚಿಸಬೇಕು. ಗಿರಾಕಿಗಳ ನಿಜವಾದ ಹೆಸರು, ಜಿ.ಎಸ್.ಟಿ. ಸಂಖ್ಯೆ, ಮೊತ್ತಗಳನ್ನು ತೆಗೆದುಹಾಕಿ ಕೊಡುವುದು ಅವಶ್ಯಕ. ಹಾಳೆಯ ಜೊತೆಗೆ ನಮ್ಮ ಹಿರಿಯ ಗುಮಾಸ್ತರೊಬ್ಬರನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಪ್ರಯೋಗಾಲಯಕ್ಕೆ ಕಳುಹಿಸಿದರೆ, ಆರನೆಯ ಮತ್ತು ಏಳನೆಯ ಬಿಲ್ಲುಗಳನ್ನು ಅವರೇ ಅಲ್ಲಿ ಬರೆಸಿಯಾರು.